ಏಳನೇ ಪಂಜರದ ಮೊದಲ ರಕ್ತ

ಫೆಸ್, ೮ ಅಕ್ಟೋಬರ್ ೨೦೧೮

ಮಾನ್ಯ ಪ್ರೊಫೆಸರ್ ವಗ್ದಿ ಅಲ್-ರಶೀದಿ ಅವರಿಗೆ, ಬತೂಲ್ ಸಕಲ್ಲಿಯ ಸಲಾಮುಗಳು.

ತಾವು ಇ-ಮೇಲ್‌ಗೆ ಉತ್ತರ ಬರೆಯುವುದಿಲ್ಲವೆಂದು ನನ್ನ ಮಾರ್ಗದರ್ಶಕ ಮೌಲಾಯ್ ತೈಬ್ ಹೇಳಿದರು. "ಕಾಗದದ ಮೇಲೆ ಬರಿಯಮ್ಮ. ಅಕ್ಷರ ದುಂಡಗಿರ್ಲಿ, ಹೊಗಳಿಕೆ ಅದಕ್ಕಿಂತ ದುಂಡಗಿರ್ಲಿ" ಎಂದರು. ಅಕ್ಷರಕ್ಕೆ ನನ್ನ ಕೈಲಾದಷ್ಟು ಮಾಡಿದ್ದೇನೆ.

ಜೀವಕೋಶ ಇಬ್ಭಾಗವಾಗುವಾಗ ಅದರ ಎರಡು ತುದಿಗಳಲ್ಲಿ ಕೂರುವ ಪ್ರೋಟೀನನ್ನು ತಾವು ಕಂಡುಹಿಡಿದು, ನಮ್ಮ ಭಾಷೆಯ 'ಕುತ್ಬ್', ಅಂದರೆ ಧ್ರುವ, ಎಂಬ ಮಾತಿನಿಂದ ಅದಕ್ಕೆ ಕುತ್ಬಿನ್ ಎಂದು ಹೆಸರಿಟ್ಟಿರಿ. ಅದನ್ನು ಪತ್ತೆಹಚ್ಚಲು, ಅದನ್ನೇ ಮೊಲಕ್ಕೆ ಚುಚ್ಚಿ, ಅದನ್ನು ಹಿಡಿಯುವ ಪ್ರತಿಕಾಯವನ್ನು ಮೊಲದ ರಕ್ತದಲ್ಲಿ ಬೆಳೆಸಿ, ಆ ರಕ್ತದ ತಿಳಿಯನ್ನು ಮೊಲದ ಹೆಸರಲ್ಲೇ 'ನರ್ಗಿಸ್ ಸೀರಮ್' ಎಂದು ಲೋಕಕ್ಕೆಲ್ಲ ಹಂಚಿದಿರಿ. ಅದರ ಒಂದು ಶೀಶೆ ನಮ್ಮಲ್ಲೂ ಇದೆ. ಕೋಶಗಳ ಮೇಲೆ ಹಾಕಿ, ಹೊಳೆಯುವ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಹಸಿರು ಚುಕ್ಕೆ ಕಾಣುತ್ತವೆ. ತಮ್ಮ ಲೇಖನದ ಚಿತ್ರದಲ್ಲಿ ಇರುವಂತೆಯೇ.

ನನ್ನ ಕಷ್ಟ ಅದೇ. ಐದು ವರ್ಷ ದುಡಿದು, ಕುತ್ಬಿನ್ ತಯಾರಿಸುವ ಜೀನನ್ನೇ ಕತ್ತರಿಸಿ ತೆಗೆದ ಕೋಶಗಳನ್ನು ಬೆಳೆಸಿದ್ದೇನೆ. ಕುತ್ಬಿನ್ ಇಲ್ಲದೆಯೂ ಅವು ಸಲೀಸಾಗಿ ಇಬ್ಭಾಗವಾಗುತ್ತವೆ. ನನ್ನ ಪ್ರಬಂಧದ ಜೀವಾಳವಾದ ಮೂರನೆಯ ಅಧ್ಯಾಯ ಇದೇ. ಆದರೆ ಆ ಕೋಶಗಳಲ್ಲೂ ನರ್ಗಿಸ್ ಎರಡು ಚುಕ್ಕೆ ತೋರಿಸುತ್ತಾಳೆ. ಇಲ್ಲದ ಪ್ರೋಟೀನನ್ನು ಆಕೆ ಹೇಗೆ ಹಿಡಿಯುತ್ತಾಳೆ? ಮೌಲಾಯ್ ತೈಬ್ ಹೇಳುವುದು ಇಷ್ಟೇ: "ಚುಕ್ಕೆ ಇದೆ ಅಂದ್ರೆ ಕುತ್ಬಿನ್ ಇದೆ. ಕುತ್ಬಿನ್ ಇದೆ ಅಂದ್ರೆ ನೀನು ಏನೂ ಕತ್ತರಿಸಿಲ್ಲ."

ಜೂನ್ ತಿಂಗಳಲ್ಲಿ ನನ್ನ ಪ್ರಬಂಧದ ಪರೀಕ್ಷೆ. ಈ ಗಂಟು ಬಿಚ್ಚದಿದ್ದರೆ ಪದವಿ ಇಲ್ಲ, ಐದು ವರ್ಷ ನೀರಿಗೆ. ದಯವಿಟ್ಟು ದಾರಿ ತೋರಿಸಿ.

ವಿನಯದಿಂದ,
ಬತೂಲ್


ಅಲೆಕ್ಸಾಂಡ್ರಿಯಾ, ೨೯ ಅಕ್ಟೋಬರ್ ೨೦೧೮

ಕುಮಾರಿ ಬತೂಲ್,

ಅಕ್ಷರ ದುಂಡಗಿದೆ. ನಿನ್ನ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತು ಅಲ್ಲಿಗೆ ಮುಗಿಯಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಪ್ಪತ್ತೊಂದು ವರ್ಷಗಳಿಂದ ಹದಿನಾಲ್ಕು ದೇಶಗಳ ಪ್ರಯೋಗಾಲಯಗಳಲ್ಲಿ ನರ್ಗಿಸ್ ಕೆಲಸ ಮಾಡುತ್ತಿದ್ದಾಳೆ. ಅಲ್ಲೆಲ್ಲ ನೆಲ ನೆಟ್ಟಗಿದೆ, ಫೆಸ್‌ನಲ್ಲಿ ಮಾತ್ರ ಡೊಂಕು. ಕತ್ತರಿಸಲು ಬಾರದವಳು ಕತ್ತರಿಯನ್ನು ಬೈಯಬೇಕು, ಬಟ್ಟೆಯನ್ನಲ್ಲ. ನಿನ್ನ ಜೀನು ಇದ್ದಲ್ಲೇ ಇದೆ. ಅದು ಹೋಗಿದೆ ಎಂಬುದು ನಿನ್ನ ಭ್ರಮೆ.

ನಿನ್ನ ಪತ್ರವನ್ನು ಚಹಾದ ಹೊತ್ತಿಗೆ ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಿದೆ. ಒಬ್ಬ ಅಂದ: "ಸಾರ್, ಅಲ್ಲಿಯವ್ರು ಚಹಾದಿಂದ ಹಿಡಿದು ಎಲ್ಲಕ್ಕೂ ಪುದೀನ ಹಾಕ್ತಾರಂತೆ. ಸೀರಮ್ಮಿಗೂ ಹಾಕಿರ್ಬೇಕು." ಹುಡುಗರು ಬಹಳ ನಕ್ಕರು. ನಾನೂ ನಕ್ಕೆ.

ನಮ್ಮಲ್ಲಿ ಶಹಾತ ಎಂಬ ಸಹಾಯಕನಿದ್ದ. ಮೊಲ ನೋಡಿಕೊಳ್ಳುವುದು, ರಕ್ತ ತೆಗೆಯುವುದು, ಗಾಜು ತೊಳೆಯುವುದು ಅವನ ಕೆಲಸ. ಎಂಟನೇ ತರಗತಿ ದಾಟಿರಲಿಲ್ಲ. ಅಂಥವನು ತೊಳೆದ ಗಾಜಿನಲ್ಲಿ ತೊಂಬತ್ತೇಳರಲ್ಲೇ ನಮಗೆ ಶುದ್ಧವಾದ ಚುಕ್ಕೆ ಸಿಕ್ಕಿತು. ನೀನು ಡಾಕ್ಟರೇಟ್ ಕೇಳುತ್ತಿದ್ದೀಯ. ಮೊದಲು ತೊಳೆಯುವುದನ್ನು ಕಲಿ.

ವಗ್ದಿ ಅಲ್-ರಶೀದಿ


ಫೆಸ್, ೨೦ ನವೆಂಬರ್ ೨೦೧೮

ಮಾನ್ಯ ಪ್ರೊಫೆಸರರೇ,

ತೊಳೆದೆ. ಹನ್ನೊಂದು ದಿನ ತೊಳೆದೆ. ಪುದೀನ ಹಾಕಿಲ್ಲ, ತಮ್ಮ ಹುಡುಗರಿಗೆ ತಿಳಿಸಿ.

ಜೀನು ಹೋಗಿದೆಯೇ ಎಂದು ಮೂರು ಬೇರೆ ಬೇರೆ ದಾರಿಗಳಲ್ಲಿ ನೋಡಿದೆ. ಹೋಗಿದೆ. ಆಮೇಲೆ ಒಂದು ಹಳೆಯ ಉಪಾಯ ಮಾಡಿದೆ. ನರ್ಗಿಸ್ ಸೀರಮ್ಮನ್ನು ಶುದ್ಧ ಕುತ್ಬಿನ್‌ನಲ್ಲಿ ಒಂದು ರಾತ್ರಿ ನೆನೆಸಿಟ್ಟೆ. ಅದು ಕುತ್ಬಿನ್ ಹಿಡಿಯುವ ಪ್ರತಿಕಾಯವೇ ಆದರೆ ಅಲ್ಲೇ ಹೊಟ್ಟೆ ತುಂಬಿಸಿಕೊಂಡು, ಮರುದಿನ ಕೋಶದ ಮೇಲೆ ಏನನ್ನೂ ಹಿಡಿಯಬಾರದು. ಆದರೆ ಚುಕ್ಕೆಗಳು ಮೊದಲಿನಂತೆಯೇ ಹೊಳೆದವು. ತಮ್ಮ ಸೀರಮ್ಮಿನಲ್ಲಿ ಕುತ್ಬಿನ್ ಹಿಡಿಯುವ ಪ್ರತಿಕಾಯ ಒಂದಿಷ್ಟು ಇರಬಹುದು. ಆದರೆ ಚುಕ್ಕೆಗಳನ್ನು ಬೆಳಗುತ್ತಿರುವುದು ಅದಲ್ಲ.

ಕೆಲವು ಮೊಲಗಳ ರಕ್ತದಲ್ಲಿ, ಯಾರೂ ಏನೂ ಚುಚ್ಚದಿದ್ದರೂ, ಹುಟ್ಟಾ ಇಂಥ ಚುಕ್ಕೆ ತೋರಿಸುವ ಗುಣ ಇರುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಅಲ್ಲವೇ ಚುಚ್ಚುವ ಮೊದಲು ಮೊಲದ ಒಂದಿಷ್ಟು ರಕ್ತ ತೆಗೆದಿಡುವ ಪದ್ಧತಿ? ಆ ಮೊದಲ ರಕ್ತದಲ್ಲಿ ಚುಕ್ಕೆ ಕಾಣಬಾರದು. ಕಂಡರೆ ಆ ಚುಕ್ಕೆ ಮೊಲದ್ದು, ಪ್ರತಿಕಾಯದ್ದಲ್ಲ.

ನರ್ಗಿಸಳ ಮೊದಲ ರಕ್ತ ತೆಗೆದಿದ್ದಿರಾ? ಉಳಿದಿದ್ದರೆ ಒಂದು ಹನಿ ಕಳಿಸುತ್ತೀರಾ?

ಬತೂಲ್ ಸಕಲ್ಲಿ


ಅಲೆಕ್ಸಾಂಡ್ರಿಯಾ, ೧೪ ಜನವರಿ ೨೦೧೯

ಕುಮಾರಿ ಬತೂಲ್,

ಎರಡು ತಿಂಗಳು ಉತ್ತರಿಸಲಿಲ್ಲ. ಕೆಲಸವಿತ್ತು ಎಂದಲ್ಲ, ನಿನ್ನ ಪತ್ರಕ್ಕೆ ತಕ್ಕ ಬೈಗುಳ ಹೊಳೆಯಲಿಲ್ಲ.

ಮೊದಲ ರಕ್ತ ತೆಗೆದಿದ್ದಿರಾ ಎಂದು ನನ್ನನ್ನು ಕೇಳುತ್ತೀಯ! ಮೀನಿಗೆ ಈಜು ಕಲಿಸಲು ಬಂದವಳೇ, ನಾನು ಆ ಪಾಠ ಮಾಡುತ್ತಿದ್ದಾಗ ನೀನು ತೊಟ್ಟಿಲಲ್ಲಿದ್ದೆ. ಇದನ್ನು ನಿನಗೆ ಹೇಳಿಕೊಟ್ಟು ಬರೆಸುತ್ತಿರುವವರು ಯಾರೆಂದು ನನಗೆ ಗೊತ್ತಿದೆ. ಕೈರೋದ ಆ ಬೋಳುತಲೆ ತಾನೇ? ಇಪ್ಪತ್ತು ವರ್ಷಗಳಿಂದ ನನ್ನ ಚುಕ್ಕೆಗಳನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದಾನೆ. ಈಗ ಹೆಣ್ಣುಮಗಳ ಸೆರಗಿನ ಹಿಂದೆ ನಿಂತು ಕಲ್ಲು ಹೊಡೆಯುತ್ತಿದ್ದಾನೆ. ಅವನಿಗೆ ನನ್ನ ಸಲಾಮು ತಿಳಿಸು.

ಇದರ ಜೊತೆ ಒಣ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಎರಡು ಶೀಶೆ ಇಟ್ಟಿದ್ದೇನೆ. ಒಂದು ನರ್ಗಿಸಳ ಮೊದಲ ರಕ್ತದ ಸೀರಮ್, ೧೫ ಮೇ ೧೯೯೭, ಶಹಾತನ ಕೈಬರಹದ ಚೀಟಿ ಅದರ ಮೇಲೇ ಇದೆ. ಇನ್ನೊಂದು ಪ್ರತಿಕಾಯ ಬಂದ ಮೇಲಿನದು. ಮೊದಲನೆಯದರಲ್ಲಿ ಚುಕ್ಕೆ ಕಂಡರೆ ನನ್ನ ಮೀಸೆ ಬೋಳಿಸುತ್ತೇನೆ.

ಇನ್ನೊಂದು ಮಾತು. ನಿಮ್ಮ ವಿಶ್ವವಿದ್ಯಾಲಯ ನಿನ್ನ ಪ್ರಬಂಧಕ್ಕೆ ಹೊರಗಿನ ಪರೀಕ್ಷಕನಾಗುವಂತೆ ನನ್ನನ್ನು ಕೇಳಿದೆ. ಒಪ್ಪಿದ್ದೇನೆ. ಜೂನ್ ೨೭ಕ್ಕೆ ಭೇಟಿಯಾಗೋಣ.

ವಗ್ದಿ ಅಲ್-ರಶೀದಿ


ಫೆಸ್, ೧೧ ಫೆಬ್ರವರಿ ೨೦೧೯

ಮಾನ್ಯರೇ,

ಪೆಟ್ಟಿಗೆ ಬಂತು. ಮೊದಲ ರಕ್ತವನ್ನು ಆರು ಸಲ ನೋಡಿದೆ. ಕತ್ತಲೆ. ಒಂದು ಚುಕ್ಕೆಯೂ ಇಲ್ಲ. ಎರಡನೆಯದರಲ್ಲಿ ನಕ್ಷತ್ರದಂತೆ ಹೊಳೆಯುತ್ತಿವೆ.

ತಾವು ಹೇಳಿದ್ದೇ ಸರಿ. ಮೀಸೆ ಉಳಿಸಿಕೊಳ್ಳಿ. ನನ್ನ ಹಿಂದೆ ಯಾರೂ ಇಲ್ಲ, ಕೈರೋದಲ್ಲಿ ನನಗೆ ಪರಿಚಯದವರೇ ಇಲ್ಲ. ಇದನ್ನಾದರೂ ನಂಬಿ.

ಮೂರನೆಯ ಅಧ್ಯಾಯ ಹಿಂತೆಗೆದುಕೊಳ್ಳುತ್ತೇನೆಂದು ಮೌಲಾಯ್ ತೈಬ್ ಅವರಿಗೆ ಹೇಳಿದೆ. "ಆನೆ ಜೊತೆ ಕುಸ್ತಿ ಬೇಡ ಅಂದಿದ್ನಲ್ಲಮ್ಮ" ಎಂದರು. ಮೂರನೆಯ ಅಧ್ಯಾಯ ಹೋದರೆ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ಬತೂಲ್


ಅಲೆಕ್ಸಾಂಡ್ರಿಯಾ, ೨೫ ಫೆಬ್ರವರಿ ೨೦೧೯

ಮಗಳೇ ಬತೂಲ್,

ಸೋತವರನ್ನು ಬೈಯುವುದು ನನ್ನ ಜಾಯಮಾನವಲ್ಲ. ಗೆದ್ದವನಿಗೆ ದೊಡ್ಡ ಮನಸ್ಸಿರಬೇಕು. ನನಗೆ ಇದೆ.

ಬೇಕಿದ್ದರೆ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಾ. ಕೋಶ ತೊಳೆಯುವುದರಿಂದ ಶುರುಮಾಡಿ ಎಲ್ಲವನ್ನೂ ಕಲಿಸುತ್ತೇನೆ. ನಾಲ್ಕು ವರ್ಷದಲ್ಲಿ ಇನ್ನೊಂದು ಪ್ರಬಂಧ ಬರೆಯಬಹುದು. ನಮ್ಮ ಸಮುದ್ರದ ಗಾಳಿ ಬುದ್ಧಿಗೆ ಒಳ್ಳೆಯದು. ನಿಮ್ಮ ಊರಿನ ಓಣಿಗಳಲ್ಲಿ ಗಾಳಿ ಆಡುವುದಿಲ್ಲ, ಅದೇ ತೊಂದರೆ.

ವಿಜ್ಞಾನ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತಾಗಲಿ ಎಂದು ಶಹಾತನ ನೋಟ್‌ಬುಕ್ಕಿನ ಒಂದು ಪುಟದ ನಕಲು ಕಳಿಸಿದ್ದೇನೆ. ಓದು: 'ಏಳನೇ ಪಂಜರ. ಬಿಳಿ. ಗಂಡು. ಎರಡು ಕಿಲೋ ನೂರು. ಗುರುವಾರ ಮೊದಲ ರಕ್ತ. ಶನಿವಾರ ಮೊದಲ ಚುಚ್ಚು.' ಆ 'ಗಂಡು' ನೋಡಿದೆಯಾ? ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಆ ಗಂಡು ಆರು ಮರಿ ಹಾಕಿ ಕೂತಿದೆ! ಪ್ರಯೋಗಾಲಯವೆಲ್ಲ ಬಿದ್ದು ಬಿದ್ದು ನಕ್ಕಿತು. "ಏನೋ ಶಹಾತ, ನಿನ್ನ ಗಂಡಿಗೆ ಹೆರಿಗೆ ಆಯ್ತಲ್ಲೋ!" ಎಂದೆ. ಪೆಚ್ಚಾಗಿ ನೆಲ ನೋಡುತ್ತ ನಿಂತ. ಮೊಲ ಮಾರಿದವನಿಗೂ ಕಣ್ಣಿಲ್ಲ, ಕೊಂಡವನಿಗೂ ಕಣ್ಣಿಲ್ಲ. ಆವತ್ತೇ ನಾನು ಆಕೆಗೆ ನರ್ಗಿಸ್ ಎಂದು ಹೆಸರಿಟ್ಟೆ. ಇಂಥ ಕುರುಡರನ್ನು ಕಟ್ಟಿಕೊಂಡೇ ನಾನು ಹದಿನಾಲ್ಕು ದೇಶಗಳಿಗೆ ಸೀರಮ್ ಕಳಿಸಿದೆ. ಯೋಚಿಸು.

ನಿನ್ನ ಹಿತೈಷಿ,
ವಗ್ದಿ


ಫೆಸ್, ೨ ಏಪ್ರಿಲ್ ೨೦೧೯

ಪ್ರೊಫೆಸರ್ ವಗ್ದಿ,

ಯೋಚಿಸಿದೆ. ನೀವೂ ಇಪ್ಪತ್ತೆರಡು ವರ್ಷದ ಹಿಂದೆ ಒಂದು ನಿಮಿಷ ಯೋಚಿಸಿದ್ದರೆ ನನ್ನ ಐದು ವರ್ಷ ಉಳಿಯುತ್ತಿತ್ತು.

ನಿಮ್ಮ ತಮಾಷೆಯ ಕಥೆಯನ್ನು ನಾಲ್ಕು ಸಲ ಓದಿದೆ. ಮನೆಮನೆಯ ಮಾಳಿಗೆಯ ಮೇಲೆ ಮೊಲ ಸಾಕುವ ನಿಮ್ಮ ಊರಲ್ಲಿ, ದಿನವೂ ಮೊಲ ಹಿಡಿಯುವ ಮನುಷ್ಯ, ಗಂಡು ಯಾವುದು ಹೆಣ್ಣು ಯಾವುದು ಎಂದು ತಪ್ಪುತ್ತಾನೆಯೇ? ನಾನು ತಪ್ಪಬಹುದು, ನೀವು ಖಂಡಿತ ತಪ್ಪುತ್ತೀರಿ. ಅವನು ತಪ್ಪುವುದಿಲ್ಲ ಎನ್ನಿಸಿತು.

ಸೀರಮ್ಮಿನಲ್ಲಿ ರಕ್ತಕಣಗಳ ಚೂರು ಅಷ್ಟಿಷ್ಟು ಉಳಿದಿರುತ್ತದೆ. ನೀವು ಕಳಿಸಿದ ಎರಡೂ ಶೀಶೆಗಳಲ್ಲಿ, ಗಂಡಿನಲ್ಲಿ ಮಾತ್ರ ಇರುವ ಜೀನನ್ನು ಹುಡುಕಿದೆ. ಮೊದಲ ರಕ್ತದಲ್ಲಿ ಇದೆ. ಪ್ರತಿಕಾಯದ ಸೀರಮ್ಮಿನಲ್ಲಿ ಇಲ್ಲ. ಎಲ್ಲ ಮೊಲದಲ್ಲೂ ಇರಬೇಕಾದ ಜೀನು ಎರಡರಲ್ಲೂ ಇದೆ, ಆದ್ದರಿಂದ ಶೀಶೆ ಹಳೆಯದಾಯಿತು ಎಂಬ ನೆಪ ಹೇಳಬೇಡಿ. ಎಂಟು ಸಲ ಮಾಡಿದೆ. ಬೇಕಾದರೆ ನೀವೇ ಮಾಡಿ, ಕೈ ನಡುಗದಿದ್ದರೆ.

ಗುರುವಾರ ರಕ್ತ ಕೊಟ್ಟದ್ದು ಒಂದು ಗಂಡು ಮೊಲ. ಶನಿವಾರ ಚುಚ್ಚಿಸಿಕೊಂಡದ್ದು ಗಬ್ಬದ ಹೆಣ್ಣು ಮೊಲ, ಅದರ ಮೊದಲ ರಕ್ತವನ್ನು ಯಾರೂ ತೆಗೆದೇ ಇಲ್ಲ. ನಿಮ್ಮ ಪಂಜರದಲ್ಲಿ ಎರಡು ಮೊಲಗಳು ಬಂದು ಹೋದವು, ನೀವು ಒಂದನ್ನೂ ನೋಡಲಿಲ್ಲ. ಸಾಕ್ಷಿ ಆರು ಮರಿ ಹಾಕಿ ಕಣ್ಣೆದುರು ಕೂತಾಗ ನೀವು ಏನು ಮಾಡಿದಿರಿ? ನಕ್ಕಿರಿ.

ಇನ್ನೊಂದು. ಇಲ್ಲಿಯ ಸಂತೆಯಲ್ಲಿ ಐದು ಮೊಲಗಳ ರಕ್ತ ತೆಗೆಸಿದೆ. ಅವುಗಳಿಗೆ ಯಾರೂ ಯಾವತ್ತೂ ಕುತ್ಬಿನ್ ಚುಚ್ಚಿಲ್ಲ. ಐದರಲ್ಲಿ ಒಂದರ ರಕ್ತ ನಿಮ್ಮ ನರ್ಗಿಸಳಂತೆಯೇ ಎರಡು ಹಸಿರು ಚುಕ್ಕೆ ತೋರಿಸುತ್ತದೆ. ಚಿತ್ರ ಲಗತ್ತಿಸಿದ್ದೇನೆ. ನಿಮ್ಮ ಲೇಖನದ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಇದಕ್ಕೆ ನಾನು ಇನ್ನೂ ಹೆಸರಿಟ್ಟಿಲ್ಲ.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೋಡಿದ್ದೆ. ಗಂಡು ಮೊಲ ಹೆರುತ್ತದೆ ಎನ್ನುವವರನ್ನು ಈಗಲೇ ನೋಡಿದ್ದು. ಮೂರನೆಯ ಅಧ್ಯಾಯ ಮತ್ತೆ ಸೇರಿಸಿದ್ದೇನೆ. ಪರೀಕ್ಷಕರಾಗಿ ಏನು ಬರೆಯುತ್ತೀರೋ ಬರೆಯಿರಿ.

ಬತೂಲ್ ಸಕಲ್ಲಿ


ಫೆಸ್, ೬ ಮೇ ೨೦೧೯

ಪ್ರೊಫೆಸರರೇ,

ಐದು ವಾರವಾಯಿತು. ಉತ್ತರವಿಲ್ಲ. ನಾಳೆಯಿಂದ ಇಲ್ಲಿ ರಂಜಾನ್ ಉಪವಾಸ ಶುರು. ನಿಮ್ಮ ವರದಿ ಜೂನ್ ಹದಿನೈದರೊಳಗೆ ಬರದಿದ್ದರೆ ನನ್ನ ಪರೀಕ್ಷೆ ಮುಂದಿನ ವರ್ಷಕ್ಕೆ ಹೋಗುತ್ತದೆ, ನನ್ನ ವಿದ್ಯಾರ್ಥಿವೇತನ ನಿಲ್ಲುತ್ತದೆ. ಇದು ನಿಮಗೆ ಗೊತ್ತಿದೆ, ಗೊತ್ತಿದ್ದೇ ಸುಮ್ಮನಿದ್ದೀರಿ.

ಮೌಲಾಯ್ ತೈಬ್ ನಿನ್ನೆ ಹೇಳಿದರು: "ಅವ್ರು ಬರಿಯಲ್ಲ ಕಣಮ್ಮ. ದೊಡ್ಡೋರು ತಪ್ಪು ಒಪ್ಪಲ್ಲ, ಮರೀತಾರೆ." ನಿಮ್ಮನ್ನು ದೊಡ್ಡವರು ಎಂದು ಕರೆದದ್ದಕ್ಕೆ ನನಗೆ ಸಿಟ್ಟು ಬಂತು.

ಬತೂಲ್


ಅಲೆಕ್ಸಾಂಡ್ರಿಯಾ, ೯ ಜೂನ್ ೨೦೧೯

ಡಾ. ಬತೂಲ್ ಸಕಲ್ಲಿ ಅವರಿಗೆ,

ಇನ್ನೂ ಡಾಕ್ಟರ್ ಆಗಿಲ್ಲ, ಗೊತ್ತು. ಆಗುತ್ತೀರಿ. ವರದಿ ಇದರ ಜೊತೆಗಿದೆ. ಮೂರನೆಯ ಅಧ್ಯಾಯ ಪ್ರಬಂಧದ ಅತ್ಯುತ್ತಮ ಭಾಗ, ಕುತ್ಬಿನ್ ಬಗ್ಗೆ ನಾನು ಬರೆದದ್ದು ತಪ್ಪು ಎಂದು ಅದರಲ್ಲಿ ಸಹಿ ಹಾಕಿ ಬರೆದಿದ್ದೇನೆ. ಎರಡನೆಯ ಅಧ್ಯಾಯದ ಚಿತ್ರಗಳು ಅಸಹ್ಯವಾಗಿವೆ ಎಂದೂ ಬರೆದಿದ್ದೇನೆ. ಅದು ಸೇಡಲ್ಲ, ನಿಜ.

ನಿಮ್ಮ ಏಪ್ರಿಲ್ ಪತ್ರವನ್ನು ಓದಿ ಮೇಜಿನ ಖಾನೆಗೆ ಎಸೆದೆ. ಒಂದು ವಾರ ನಿಮ್ಮನ್ನು ಬೈದೆ, ಒಂದು ವಾರ ಕೈರೋದವನನ್ನು ಬೈದೆ. ಆಮೇಲೆ ಹನ್ನೊಂದು ವರ್ಷದ ನಂತರ ಮೊದಲ ಬಾರಿಗೆ ನನ್ನ ಕೈಯಾರೆ ಪ್ರಯೋಗ ಮಾಡಿದೆ. ಕೈ ನಡುಗಿತು, ನಿಮ್ಮ ಊಹೆ ಸರಿ. ಮೊದಲ ರಕ್ತ ಗಂಡಿನದು. ನರ್ಗಿಸ್ ಹೆಣ್ಣು. ಮತ್ತೆ ಮಾಡಿದೆ. ಮತ್ತೆ ಅದೇ.

ರಂಜಾನ್ ಹಬ್ಬದ ಮೂರನೆಯ ದಿನ ಒಂದು ಡಬ್ಬಿ ಕಹಕ್ ಬಿಸ್ಕತ್ತು ಹಿಡಿದುಕೊಂಡು ಶಹಾತನ ಮನೆಗೆ ಹೋದೆ. ಅನ್ಫೂಶಿಯಲ್ಲಿ, ದೋಣಿ ಕಟ್ಟುವವರ ಬೀದಿಯಲ್ಲಿ, ನಾಲ್ಕನೆಯ ಮಹಡಿ. ಅವನು ಮಾಳಿಗೆಯ ಮೇಲೆ ಮೊಲಗಳಿಗೆ ಹುಲ್ಲು ಹಾಕುತ್ತಿದ್ದ. ಎಪ್ಪತ್ತನಾಲ್ಕು ವರ್ಷ ಅವನಿಗೆ.

"ಶಹಾತ, ತೊಂಬತ್ತೇಳರಲ್ಲಿ ಏಳನೇ ಪಂಜರದಲ್ಲಿ ಗಂಡು ಮೊಲ ಅಂತ ಬರ್ದಿದ್ದೀಯಲ್ಲ, ಸರಿಯಾಗಿ ನೋಡಿದ್ದೆಯೇನೋ?" ಎಂದೆ.

ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. "ಗಂಡು ಅಂತ ಬರ್ದಿದ್ರೆ ಗಂಡೇ ಡಾಕ್ಟ್ರೇ. ನಾನು ಹುಟ್ಟಿದ್ದೇ ಮೊಲದ ಮಾಳಿಗೇಲಿ."

"ಮತ್ತೆ ಅದು ಆರು ಮರಿ ಹಾಕ್ತಲ್ಲೋ!"

"ಅದು ಹಾಕ್ಲಿಲ್ಲ. ಇನ್ನೊಂದು ಹಾಕ್ತು."

ಇಷ್ಟು ಸಲೀಸಾಗಿ ಹೇಳಿದ. ಇಪ್ಪತ್ತೆರಡು ವರ್ಷ ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ನಡೆದದ್ದು ಇದು. ಆ ಶುಕ್ರವಾರ ಅವನ ಮನೆಗೆ ಒಬ್ಬ ದೊಡ್ಡ ಅತಿಥಿ ಊಟಕ್ಕೆ ಬರುವವನಿದ್ದ. ಗುರುವಾರ ಸಂಜೆ ತಾನಾಗಿ ಹೇಳಿದ್ದನಂತೆ, ನಾಳೆ ಮುಲೂಖಿಯಾ ಉಣ್ಣಲು ಬರುತ್ತೇನೆಂದು. ನಮ್ಮಲ್ಲಿ ಮನೆಗೆ ಬಂದ ಗೌರವಸ್ಥನಿಗೆ ಮುಲೂಖಿಯಾ ಸೊಪ್ಪಿನ ಸಾರು ಬಡಿಸಿದರೆ ಅದರಲ್ಲಿ ಮೊಲ ಇರಲೇಬೇಕು. ಆ ವರ್ಷದ ವಸಂತದಲ್ಲಿ ಮೊಲಗಳಿಗೆ ರೋಗ ಬಂದು ಬೀದಿಯ ಮಾಳಿಗೆಗಳೆಲ್ಲ ಖಾಲಿಯಾಗಿದ್ದವು. ದಮನ್‌ಹೂರಿನಲ್ಲಿ ನಾದಿನಿಯ ಮನೆಯಲ್ಲಿ ಮೊಲ ಉಳಿದಿತ್ತು, ಆದರೆ ತರುವಷ್ಟರಲ್ಲಿ ಶನಿವಾರವಾಗುತ್ತದೆ. ಅವನು ಪ್ರಯೋಗಾಲಯಕ್ಕೆ ವಾಪಸು ಬಂದು, ಏಳನೇ ಪಂಜರದ ಗಂಡನ್ನು ಚೀಲದಲ್ಲಿ ಹಾಕಿಕೊಂಡು ಹೋದ. ಶನಿವಾರ ಬೆಳಿಗ್ಗೆ ಏಳಕ್ಕೆ ನಾದಿನಿಯ ಬಿಳಿ ಮೊಲವನ್ನು ತಂದು ಪಂಜರದಲ್ಲಿ ಬಿಟ್ಟ. ಒಂಬತ್ತಕ್ಕೆ ನಾನು ಬಂದು ಚುಚ್ಚಿದೆ.

"ಬಿಳೀದು ಹೋಯ್ತು, ಬಿಳೀದು ಬಂತು. ತೂಕಾನೂ ಅಷ್ಟೇ ಇತ್ತು. ನಿಮ್ಗೆ ಮೋಸ ಮಾಡ್ಲಿಲ್ಲ ಡಾಕ್ಟ್ರೇ, ಮೊಲಕ್ಕೆ ಮೊಲ ಕೊಟ್ಟೆ" ಎಂದ.

"ಅಯ್ಯೋ ಮುಠ್ಠಾಳ, ಮೊದಲ ರಕ್ತ ತೆಗೆದಿದ್ದು ಯಾಕೆ ಅಂತ ಗೊತ್ತಿರ್ಲಿಲ್ವೇನೋ ನಿಂಗೆ?"

ಆಗ ಹುಲ್ಲಿನ ಕಟ್ಟು ಕೆಳಗಿಟ್ಟ. "ಒಂದ್ಸಲ ಕೇಳಿದ್ದೆ ಡಾಕ್ಟ್ರೇ. ಚುಚ್ಚೋಕ್ ಮುಂಚೆ ಯಾಕೆ ರಕ್ತ ತೆಗೀಬೇಕು ಅಂತ. ನೀವು, ಹೋಗೋ, ನಿನ್ ತಲೆಗೆ ಹತ್ತಲ್ಲ ಅಂದ್ರಿ. ಎಲ್ರೂ ನಕ್ರು. ಆಮೇಲೆ ನಾನು ಕೇಳ್ಲಿಲ್ಲ. ಮರಿ ಹಾಕ್ದಾಗ ಹೇಳ್ಬೇಕು ಅನ್ಕೊಂಡೆ. ಆಗ್ಲೂ ನಕ್ರಿ."

ನಾನು ಬಿಸ್ಕತ್ತಿನ ಡಬ್ಬಿ ಅಲ್ಲೇ ಇಟ್ಟು ಇಳಿದು ಬಂದೆ. ನಾಚಿಕೆ ಎಂದರೆ ಏನೆಂದು ಅರವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಬಾರಿಗೆ ತಿಳಿಯಿತು. ಮೆಟ್ಟಿಲು ಇಳಿಯುವಾಗ ಎರಡು ಕಡೆ ಕೂತೆ.

೨೭ಕ್ಕೆ ನಾನು ಬರುವುದಿಲ್ಲ. ವರದಿ ಸಾಕು. ಹದಿನಾಲ್ಕು ದೇಶಗಳಿಗೂ ಪತ್ರ ಬರೆಯುವುದಿದೆ.

ವಗ್ದಿ


ಫೆಸ್, ೧೪ ಜೂನ್ ೨೦೧೯

ಪ್ರೊಫೆಸರ್ ವಗ್ದಿ,

ವರದಿ ತಲುಪಿತು. ಮೌಲಾಯ್ ತೈಬ್ ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, "ಇದು ಅವ್ರ ಸಹೀನೇನಾ ನೋಡಮ್ಮ" ಎಂದರು. ನಿಮಗೆ ಧನ್ಯವಾದ. ಆದರೆ ನಾನು ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ನನ್ನ ಪತ್ರವನ್ನು ಚಹಾದ ಹೊತ್ತಿಗೆ ಓದಿ ನಕ್ಕವರಿಗೆ ಈ ಪತ್ರವನ್ನೂ ಓದಿ ಹೇಳಿ.

ಬರುವುದಿಲ್ಲ ಎಂದಿದ್ದೀರಿ. ಬೈಯುವುದಕ್ಕಾದರೆ ಫೆಸ್‌ವರೆಗೆ ಬರಲು ಒಪ್ಪಿದ್ದಿರಿ. ತಪ್ಪು ಹೇಳುವುದಕ್ಕೆ ದೂರವಾಯಿತೇ? ಇರಲಿ.

ಒಂದು ಸಣ್ಣ ಕೆಲಸ ಬಾಕಿಯಿದೆ. ಪ್ರತಿ ಪ್ರಾಣಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ವಿಧಾನದ ಅಧ್ಯಾಯದಲ್ಲಿ ಬರೆಯಬೇಕೆಂದು ಇಲ್ಲಿಯ ಪರೀಕ್ಷಕರು ಹೇಳುತ್ತಾರೆ. 'ಮೊದಲ ರಕ್ತ ಕೊಟ್ಟ ಗಂಡು ಮೊಲ ಎರಡು ದಿನದೊಳಗೆ ಕಳೆದುಹೋಯಿತು' ಎಂದು ಬರೆದಿದ್ದೇನೆ. ಶಹಾತಣ್ಣನ ಹೆಸರು ಹಾಕಿಲ್ಲ, ಹಾಕುವುದೂ ಇಲ್ಲ. ಈ ಕಥೆಯಲ್ಲಿ ಕಣ್ಣಿದ್ದವರು ಅವರೊಬ್ಬರೇ.

ನನ್ನ ಸಿಟ್ಟೆಲ್ಲ ಈಗ ಆ ಅತಿಥಿಯ ಮೇಲೆ. ಯಾವ ಹೊಟ್ಟೆಬಾಕನಪ್ಪಾ ಅವನು? ಮೊಲಗಳೆಲ್ಲ ಸತ್ತುಹೋದ ವರ್ಷ, ತಿಂಗಳಿಗೆ ನಾಲ್ಕು ಕಾಸು ದುಡಿಯುವವನ ಮನೆಗೆ, ಒಂದು ರಾತ್ರಿ ಮುಂಚೆ ತಾನಾಗಿ ಹೇಳಿ ಊಟಕ್ಕೆ ಹೋಗುವವನು! ಬಡವನ ಮರ್ಯಾದೆ ತನ್ನ ತಟ್ಟೆಯ ಮೇಲೆ ನಿಂತಿದೆ ಎಂಬ ಅರಿವೂ ಇಲ್ಲದವನು. ಎಲುಬು ಚೀಪುತ್ತ ಕೂತಿರುತ್ತಾನೆ. ಅವನ ಹೊಟ್ಟೆಗೆ ನನ್ನ ಐದು ವರ್ಷ, ನಿಮ್ಮ ಇಪ್ಪತ್ತೆರಡು ವರ್ಷ ಹೋದವು. ಅವನು ಯಾರೆಂದು ಶಹಾತಣ್ಣ ಹೇಳಿದರೇ?

ಬತೂಲ್


ಅಲೆಕ್ಸಾಂಡ್ರಿಯಾ, ೧೯ ಜೂನ್ ೨೦೧೯

ಡಾ. ಬತೂಲ್,

ನಿಮ್ಮ ಪತ್ರವನ್ನು ಚಹಾದ ಹೊತ್ತಿಗೆ ಓದಿ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಹೊಟ್ಟೆಬಾಕನ ಭಾಗವನ್ನೂ ಸೇರಿಸಿ. ಈ ಸಲ ಯಾರೂ ನಗಲಿಲ್ಲ. ಪುದೀನದ ಮಾತು ಆಡಿದ ಹುಡುಗ ಎದ್ದು ಲೋಟ ತೊಳೆಯಲು ಹೋದ.

ಕಳೆದ ಪತ್ರದಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ಮುಚ್ಚಿಡಬಹುದಿತ್ತು. ಶಹಾತ ಸಾಯುವವರೆಗೂ ಯಾರಿಗೂ ಹೇಳುವವನಲ್ಲ, ನನಗೇ ಹೇಳಲು ಒಪ್ಪಲಿಲ್ಲ. ನಾನು ಮೂರು ಸಲ ಕೇಳಿದೆ. "ಶಹಾತ, ಯಾರೋ ಅದು ಅತಿಥಿ? ಹೆಸ್ರು ಹೇಳು, ಆ ಮನುಷ್ಯನ್ನ ನಾನು ನೋಡ್ಕೋತೀನಿ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಬೇಡ ಬಿಡಿ ಡಾಕ್ಟ್ರೇ."

"ಹೇಳೋ!"

"ಆ ಗುರುವಾರ ಹೊರಡ್ಬೇಕಾದ್ರೆ ನನ್ ಬೆನ್ನು ತಟ್ಟಿ, 'ನಿನ್ ಹೆಂಡ್ತಿ ಮುಲೂಖಿಯಾ ಊರಿಗೇ ಹೆಸರುವಾಸಿ ಅಂತೀಯಲ್ಲೋ, ನಾಳೆ ಬರ್ತೀನಿ, ನೋಡೇಬಿಡ್ತೀನಿ' ಅಂದ್ರಿ. ಬರೀ ಸೊಪ್ಪಿನ ಸಾರಿಟ್ರೆ ನನ್ ಮುಖ ಎಲ್ಲಿಟ್ಕೋಬೇಕಾಗಿತ್ತು? ಬಂದ್ರಿ. ಎರಡು ಸಲ ಹಾಕಿಸ್ಕೊಂಡ್ರಿ. 'ಏನೋ ಶಹಾತ, ಈ ಮೊಲಕ್ಕೆ ಏನ್ ತಿನ್ನಿಸ್ತೀಯೋ, ಬೆಣ್ಣೆ ಥರ ಇದೆಯಲ್ಲೋ' ಅಂತ ಬೇರೆ ಕೇಳಿದ್ರಿ. ನಿಮ್ ಪ್ರಯೋಗಾಲಯದ ಕಾಳೇ ತಿನ್ನಿಸೋದು ಅಂತ ಹೆಂಗ್ ಹೇಳ್ಲಿ ಡಾಕ್ಟ್ರೇ?"

ಮೆಟ್ಟಿಲ ಮೇಲೆ ಎರಡು ಕಡೆ ಕೂತೆ ಎಂದಿದ್ದೆನಲ್ಲ, ಇದನ್ನು ಕೇಳಿದ ಮೇಲೆ.

ಆದ್ದರಿಂದ 'ಕಳೆದುಹೋಯಿತು' ಎಂದು ಬರೆಯಬೇಡಿ. ಹೀಗೆ ಬರೆಯಿರಿ: 'ಮೊದಲ ರಕ್ತ ಕೊಟ್ಟ ಗಂಡು ಮೊಲವನ್ನು ೧೬ ಮೇ ೧೯೯೭ರ ಶುಕ್ರವಾರ ಮಧ್ಯಾಹ್ನ, ತಮ್ಮ ಸಹಾಯಕನ ಮನೆಯಲ್ಲಿ, ಪ್ರೊಫೆಸರ್ ವ. ಅಲ್-ರಶೀದಿ ತಿಂದರು.' ಆಧಾರ ಕೇಳಿದರೆ 'ತಿಂದವರ ಸ್ವಂತ ಹೇಳಿಕೆ' ಎಂದು ಅಡಿಟಿಪ್ಪಣಿ ಹಾಕಿ. ಎರಡು ಸಲ ಹಾಕಿಸಿಕೊಂಡದ್ದನ್ನು ಬಿಡಬೇಡಿ.

ಆ ಪುಟಕ್ಕೆ ಎಲ್ಲರೆದುರು ಸಹಿ ಹಾಕಲು ೨೭ರಂದು ನಾನೇ ಬರುತ್ತಿದ್ದೇನೆ. ಶಹಾತನನ್ನೂ ಕರೆದುಕೊಂಡು ಬರುತ್ತೇನೆ. ಮೊದಲ ರಕ್ತವನ್ನು ಯಾಕೆ ತೆಗೆಯುತ್ತಾರೆಂದು ಅವನಿಗೆ ನೀವು ಹೇಳಿಕೊಡಿ, ನನಗೆ ಆ ಯೋಗ್ಯತೆ ಇಲ್ಲ.

ನಮ್ಮನ್ನು ಊಟಕ್ಕೆ ಮಾತ್ರ ಕರೆಯಬೇಡಿ.

ವಗ್ದಿ